ಮೋಡದೊಳಗೆ ಐಪ್ಯಾಡ್ ನಂಬಬಹುದಾ?

ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು. ಅದೇ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಅಲ್ಲಿಂದೀಚೆಗೆ ಈ ಊರಿನ ಹುಡುಗ ಹುಡುಗಿಯರ ಬಾಯಲ್ಲಿ ವಿಮಾನದ ಮಾತು ಜಾಸ್ತಿಯಾಗಿದೆ. ಪೈಲಟ್ ಆಗೋದು ಹೇಗೆ ಅಂತ ಕೇಳುವವರಿದ್ದಾರೆ. ಎಂಜಿನಿಯರಿಂಗ್ ಓದುವವರು ಕೇಳುವ ಪ್ರಶ್ನೆ ಬೇರೆ. "ಒಂದು ಟ್ಯಾಬ್‌ನಲ್ಲೇ ಜಿಪಿಎಸ್ ಇದೆ, ಜೈರೋ ಇದೆ, ಬ್ಯಾರೋಮೀಟರ್ ಕೂಡ ಇದೆ. ಹಾಗಿದ್ದ ಮೇಲೆ ಸಣ್ಣ ವಿಮಾನದ ಕಾಕ್‌ಪಿಟ್‌ಗೆ ಲಕ್ಷಗಟ್ಟಲೆ ಸುರಿದು ಬೇರೆ ಡಿಸ್‌ಪ್ಲೇ ಯಾಕೆ ಹಾಕಬೇಕು?"

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಕ್ಷೆ ತೋರಿಸಲು ಟ್ಯಾಬ್‌ಗಿಂತ ಒಳ್ಳೆಯ ಸಾಧನ ಸಣ್ಣ ವಿಮಾನಕ್ಕೆ ಇಲ್ಲಿಯವರೆಗೆ ಸಿಕ್ಕಿಲ್ಲ. ಆದರೆ ವಿಮಾನ ಎತ್ತ ವಾಲಿದೆ, ಎಷ್ಟು ವೇಗದಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂಬ ಮೂರು ವಿಷಯಕ್ಕೆ ಅದನ್ನೇ ನಂಬಿ ಹಾರಬಾರದು. ಪರದೆಯ ಗುಣಮಟ್ಟ ಕಮ್ಮಿ ಅಂತ ಅಲ್ಲ. ಎಷ್ಟೋ ಸಲ ಟ್ಯಾಬ್‌ನ ಚಿತ್ರವೇ ಹೆಚ್ಚು ಚೆನ್ನಾಗಿರುತ್ತದೆ. ತೊಂದರೆ ಇರುವುದು ಒಂದೇ ಕಡೆ: ತನಗೆ ಗೊತ್ತಿಲ್ಲದಾಗ "ಗೊತ್ತಿಲ್ಲ" ಎಂದು ಖಚಿತವಾಗಿ ಹೇಳುವ ಹಾಗೆ ಅದನ್ನು ಯಾರೂ ಕಟ್ಟಿಲ್ಲ. ಮಲೆನಾಡಿನಂಥ ಮಳೆ, ಮೋಡ, ಗುಡ್ಡದ ಸೀಮೆಯಲ್ಲಿ ಈ ಒಂದು ಕೊರತೆ ಜೀವ ತೆಗೆಯಬಲ್ಲದು.

ಟ್ಯಾಬ್ ಕಾಕ್‌ಪಿಟ್ ಸೇರಿದ ಕಥೆ ಚಿಕ್ಕದು. ಮೊದಲೆಲ್ಲ ದೊಡ್ಡ ವಿಮಾನದ ಪೈಲಟ್‌ಗಳು ಸುಮಾರು 16 ಕಿಲೋ ತೂಕದ ಚೀಲ ಹೊತ್ತು ತಿರುಗುತ್ತಿದ್ದರು. ಅದರ ತುಂಬ ಚಾರ್ಟು, ಕೈಪಿಡಿ. 2010ರಲ್ಲಿ ಐಪ್ಯಾಡ್ ಬಂತು. 2011ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಕಾಗದದ ಬದಲು ಅದನ್ನೇ ಬಳಸಲು ಒಂದು ಕಂಪನಿಗೆ ಒಪ್ಪಿಗೆ ಕೊಟ್ಟಿತು. ಆ ವರ್ಷ ಮುಗಿಯುವ ಹೊತ್ತಿಗೆ ಅಮೆರಿಕನ್ ಏರ್‌ಲೈನ್ಸ್ ಹಾರಾಟದ ಎಲ್ಲ ಹಂತದಲ್ಲೂ ಬಳಸತೊಡಗಿತು. ಇದಕ್ಕೆ ಎಲೆಕ್ಟ್ರಾನಿಕ್ ಫ್ಲೈಟ್ ಬ್ಯಾಗ್ ಅಂತ ಹೆಸರು, ಬಾಯಲ್ಲಿ ಇಎಫ್‌ಬಿ. ನಮ್ಮಲ್ಲೂ ಏರ್‌ಲೈನ್‌ಗಳು ಇಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯ ಅನುಮತಿ ಪಡೆದು ಬಳಸುತ್ತವೆ. ಆದರೆ ಅಲ್ಲಿ ಟ್ಯಾಬ್‌ನ ಕೆಲಸ ಚೀಲದ ಕೆಲಸ ಮಾತ್ರ. ದಿಗಂತ, ವೇಗ, ಎತ್ತರ ತೋರಿಸುವ ಮುಖ್ಯ ಪರದೆಗಳು ವಿಮಾನದ ಜೊತೆಗೇ ಪರೀಕ್ಷೆಯಾಗಿ ಬಂದವು. ಟ್ಯಾಬ್ ಕೈಕೊಟ್ಟರೆ ವಿಮಾನ ತಡವಾಗುತ್ತದೆ, ಅಷ್ಟೇ. 2015ರ ಏಪ್ರಿಲ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಹಾಗೇ ಆಯಿತು. ವಾಷಿಂಗ್ಟನ್‌ನ ಒಂದು ನಿಲ್ದಾಣದ ಚಾರ್ಟು ಆ್ಯಪ್‌ನಲ್ಲಿ ಎರಡು ಸಲ ಸೇರಿಕೊಂಡು ಆ್ಯಪ್ಪೇ ಮುಚ್ಚಿಹೋಗುತ್ತಿತ್ತು. ಹಲವು ವಿಮಾನಗಳು ಹೊರಡಲಾಗದೆ ನಿಂತವು. ಯಾರಿಗೂ ಏನೂ ಆಗಲಿಲ್ಲ.

ಎರಡು ಸೀಟು, ನಾಲ್ಕು ಸೀಟಿನ ವಿಮಾನಗಳ ಲೆಕ್ಕವೇ ಬೇರೆ. ಫ್ಲೈಯಿಂಗ್ ಸ್ಕೂಲುಗಳಲ್ಲಿರುವ ಸೆಸ್ನಾ 152, 172ರಂಥ ಹಳೆಯ ವಿಮಾನಗಳ ಪ್ಯಾನೆಲ್‌ನಲ್ಲಿ ಆರು ಗುಂಡು ಡಯಲ್ ಇರುತ್ತವೆ, ರೇಡಿಯೋ ಇರುತ್ತದೆ, ಮೇಲೊಂದು ದಿಕ್ಸೂಚಿ. ಚಲಿಸುವ ನಕ್ಷೆ ಇರುವುದಿಲ್ಲ. ಅಲ್ಲಿ ಮೊಣಕಾಲ ಮೇಲೆ ಒಂದು ಟ್ಯಾಬ್ ಕಟ್ಟಿಕೊಂಡರೆ ಪೈಲಟ್‌ನ ಜಗತ್ತೇ ಬದಲಾಗುತ್ತದೆ. ತಾನೆಲ್ಲಿದ್ದೇನೆ, ಮುಂದಿನ ಗುಡ್ಡ ಎಷ್ಟು ದೂರ, ಹತ್ತಿರದ ರನ್‌ವೇ ಯಾವುದು, ಯಾವ ಪ್ರದೇಶದ ಮೇಲೆ ಹಾರುವಂತಿಲ್ಲ, ಎಲ್ಲ ಒಂದೇ ನೋಟಕ್ಕೆ. ದಾರಿ ತಪ್ಪಿ ಇಂಧನ ಮುಗಿಸಿಕೊಳ್ಳುವ ಹಳೆಯ ಬಗೆಯ ಅಪಾಯವನ್ನು ಈ ಸಾಧನ ತಗ್ಗಿಸಿದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಟ್ಯಾಬ್ ಬೇಡವೇ ಬೇಡ ಅನ್ನುವವರ ಜೊತೆ ನಾನಿಲ್ಲ.

ಆಮೇಲೆ ಏನಾಗುತ್ತದೆ ಅಂದರೆ, ಅದೇ ಆ್ಯಪ್‌ನಲ್ಲಿ ಇನ್ನೊಂದು ಗುಂಡಿ ಇರುತ್ತದೆ. ಒತ್ತಿದರೆ ಮೇಲೆ ನೀಲಿ ಆಕಾಶ, ಕೆಳಗೆ ಕಂದು ನೆಲ, ನಡುವೆ ದಿಗಂತದ ಗೆರೆ, ಎಡಕ್ಕೆ ವೇಗ, ಬಲಕ್ಕೆ ಎತ್ತರ. ನೋಡಲು ಜೆಟ್ ವಿಮಾನದ ಪರದೆಯ ಹಾಗೇ. ಇಲ್ಲಿಂದ ಮುಂದೆ ವಿಷಯ ಗಂಭೀರ.

ದಿಗಂತದ ಗೆರೆಯಿಂದಲೇ ಶುರು ಮಾಡೋಣ. ಹೊರಗೆ ಏನೂ ಕಾಣದಾಗ ಮನುಷ್ಯನ ದೇಹಕ್ಕೆ ತಾನು ನೇರವಾಗಿದ್ದೇನೋ ವಾಲಿದ್ದೇನೋ ಗೊತ್ತಾಗುವುದಿಲ್ಲ. ಇದು ಧೈರ್ಯ ಅಥವಾ ಅನುಭವದ ಮಾತಲ್ಲ, ಕಿವಿಯೊಳಗಿನ ಸಮತೋಲನದ ಅಂಗ ಇರುವುದೇ ಹಾಗೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ 20 ಮಂದಿಯನ್ನು ಮೋಡದೊಳಗೆ ಹೋದಂಥ ಸ್ಥಿತಿಗೆ ಒಡ್ಡಿದರು. 20 ಮಂದಿಯೂ ಹಿಡಿತ ಕಳೆದುಕೊಂಡರು. ಸರಾಸರಿ ಹಿಡಿದ ಸಮಯ 178 ಸೆಕೆಂಡು. ಮೂರು ನಿಮಿಷವೂ ಇಲ್ಲ. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಗೊತ್ತಿಲ್ಲದೆಯೇ ಸುತ್ತುತ್ತ ಕೆಳಗಿಳಿಯುವ ಸುಳಿಗೆ ಬಿದ್ದಿದ್ದರು. ಹಾಗಾಗಿ ಮೋಡದೊಳಗೆ ದಿಗಂತದ ಗೆರೆ ಬರೀ ಒಂದು ಮಾಹಿತಿ ಅಲ್ಲ. ಪೈಲಟ್‌ಗೆ ಹಿಡಿದುಕೊಳ್ಳಲು ಇರುವುದೇ ಅದು.

ಈಗ ಟ್ಯಾಬ್ ಆ ಗೆರೆಯನ್ನು ಹೇಗೆ ಎಳೆಯುತ್ತದೆ ನೋಡೋಣ. ಒಳಗೆ ಎರಡು ಪುಟ್ಟ ಚಿಪ್‌ಗಳಿವೆ. ಜೈರೋ ಎಂಬುದು ಎಷ್ಟು ವೇಗವಾಗಿ ತಿರುಗಿದೆ ಅಂತ ಅಳೆಯುತ್ತದೆ. ಆಕ್ಸೆಲೆರೋಮೀಟರ್ ಎಂಬುದು ಭಾರ ಯಾವ ಕಡೆ ಎಳೆಯುತ್ತಿದೆ ಅಂತ ಅಳೆಯುತ್ತದೆ. ಅಗ್ಗದ ಜೈರೋ ಸ್ವಲ್ಪ ಸ್ವಲ್ಪವೇ ತಪ್ಪುತ್ತ ಹೋಗುತ್ತದೆ. ಒಂದೆರಡು ನಿಮಿಷದಲ್ಲಿ ಗೆರೆ ಸುಮ್ನೆ ವಾಲಿಬಿಡಬಹುದು. ಅದನ್ನು ಸರಿಪಡಿಸಲು ಸಾಫ್ಟ್‌ವೇರ್ ಆಕ್ಸೆಲೆರೋಮೀಟರನ್ನು ಕೇಳುತ್ತದೆ: "ಕೆಳಗೆ ಅಂದರೆ ಯಾವ ಕಡೆ?" ಮೇಜಿನ ಮೇಲಿದ್ದಾಗ ಉತ್ತರ ಸರಿಯಾಗಿರುತ್ತದೆ. ಗೋಡೆಗೆ ಹಿಡಿದು ಮಟ್ಟ ನೋಡಬಹುದು, ಅಷ್ಟು ಸರಿ.

ವಿಮಾನದಲ್ಲಿ ಇದೇ ಉತ್ತರ ಸುಳ್ಳಾಗುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಬಸ್ಸಿನಲ್ಲಿ ಇಳಿದವರಿಗೆ ಗೊತ್ತು, ಬಸ್ಸು ಎಡಕ್ಕೆ ತಿರುಗಿದರೆ ನಾವು ಬಲಕ್ಕೆ ವಾಲಿ ಪಕ್ಕದವರ ಮೇಲೆ ಬೀಳುತ್ತೇವೆ. ವಿಮಾನ ಹಾಗೆ ತಿರುಗುವುದಿಲ್ಲ. ತಿರುಗುವ ಕಡೆಗೇ ರೆಕ್ಕೆ ವಾಲಿಸಿಕೊಂಡು ತಿರುಗುತ್ತದೆ. ಭೂಮಿಯ ಎಳೆತ, ತಿರುವಿನ ಎಳೆತ ಎರಡೂ ಸೇರಿ ಬರುವ ಭಾರ ನೇರವಾಗಿ ಸೀಟಿನ ಕಡೆಗೇ ಇರುತ್ತದೆ. 30 ಡಿಗ್ರಿ ವಾಲಿದರೂ ಲೋಟದ ನೀರು ಚೆಲ್ಲುವುದಿಲ್ಲ. ಪ್ರಯಾಣಿಕ ಎಡಕ್ಕೂ ಬಲಕ್ಕೂ ಜಾರುವುದಿಲ್ಲ. ತೂಕ ಮಾತ್ರ ಶೇಕಡ 15ರಷ್ಟು ಹೆಚ್ಚಾಗಿರುತ್ತದೆ. ಆಗ ಆಕ್ಸೆಲೆರೋಮೀಟರ್ ಹೇಳುವುದು ಒಂದೇ: "ಕೆಳಗೆ ಅಂದರೆ ನೆಲಹಾಸಿನ ಕಡೆ, ನಾವು ನೇರವಾಗಿದ್ದೇವೆ." ತಿರುವು ಸ್ವಲ್ಪ ಹೊತ್ತು ಮುಂದುವರಿದರೆ ಸಾಫ್ಟ್‌ವೇರ್ ಆ ಮಾತು ನಂಬಿ ಗೆರೆಯನ್ನು ಮೆಲ್ಲಗೆ ಮಟ್ಟಕ್ಕೆ ತರುತ್ತದೆ. ವಿಮಾನ 30 ಡಿಗ್ರಿ ವಾಲಿದೆ, ಪರದೆಯಲ್ಲಿ ದಿಗಂತ ನೆಟ್ಟಗೆ ಕಾಣುತ್ತಿದೆ. ಮೋಡದೊಳಗಿರುವ ಪೈಲಟ್‌ನ ಕಿವಿಯೂ ಅದೇ ತಪ್ಪು ಹೇಳುತ್ತಿರುತ್ತದೆ. ಕಿವಿ ಮೋಸಹೋಗುವ ಕಡೆಯಲ್ಲೇ ಟ್ಯಾಬ್ ಕೂಡ ಮೋಸಹೋಗುತ್ತದೆ. ಇಬ್ಬರೂ ಒಂದೇ ತಪ್ಪನ್ನು ಒಪ್ಪಿಕೊಂಡ ಮೇಲೆ ಅನುಮಾನ ಬರುವುದಾದರೂ ಎಲ್ಲಿಂದ?

ವಿಮಾನಕ್ಕೆಂದೇ ಮಾಡಿದ ಎಲೆಕ್ಟ್ರಾನಿಕ್ ಉಪಕರಣದಲ್ಲೂ ಇದೇ ಜಾತಿಯ ಚಿಪ್‌ಗಳಿರುತ್ತವೆ. ಆದರೆ ಅದಕ್ಕೆ ಎದುರಿನ ಗಾಳಿಯ ಒತ್ತಡ ಹಿಡಿಯಲು ವಿಮಾನದ ಹೊರಗಿಟ್ಟ ಪಿಟೋ ಕೊಳವೆಯಿಂದ ಗಾಳಿಯ ವೇಗ ಬರುತ್ತದೆ, ಜಿಪಿಎಸ್ ಬರುತ್ತದೆ. ತಿರುವಿನಲ್ಲಿ ಎಷ್ಟು ಎಳೆತ ಇರಬೇಕು ಅಂತ ಲೆಕ್ಕ ಹಾಕಿ ಕಳೆದು ನೋಡುತ್ತದೆ. ಅದು ಪ್ಯಾನೆಲ್‌ಗೆ ಅಲುಗಾಡದಂತೆ ಬಿಗಿದಿರುತ್ತದೆ. ಟ್ಯಾಬ್‌ಗೆ ಹೊರಗಿನಿಂದ ಸಣ್ಣ ಡಬ್ಬಿಯೊಂದನ್ನು ಜೋಡಿಸಿ ವೈಫೈ ಮೂಲಕ ದಿಗಂತದ ಮಾಹಿತಿ ಕಳಿಸುವ ವ್ಯವಸ್ಥೆಯೂ ಇದೆ. ಬರೀ ಟ್ಯಾಬ್‌ಗಿಂತ ಅದು ಎಷ್ಟೋ ಮೇಲು. ಪ್ಯಾನೆಲ್‌ನ ಡಯಲ್ ಸತ್ತುಹೋದಾಗ ಕೊನೆಯ ಆಸರೆಯಾಗಿ ಇಟ್ಟುಕೊಳ್ಳಲು ಒಳ್ಳೆಯದೇ. ಆದರೆ ಡಬ್ಬಿ ಸ್ವಲ್ಪ ಜರುಗಿದರೆ ದಿಗಂತವೂ ಜರುಗುತ್ತದೆ, ಕುಲುಕಾಟದಲ್ಲಿ ಅದು ಜರುಗದೆ ಇರುವುದಿಲ್ಲ.

ವೇಗದ ವಿಷಯ ಇನ್ನೂ ಸರಳ, ಅಪಾಯ ಮಾತ್ರ ಅಷ್ಟೇ ದೊಡ್ಡದು. ಜಿಪಿಎಸ್ ಕೊಡುವುದು ನೆಲದ ಲೆಕ್ಕದ ವೇಗ. ರೆಕ್ಕೆಗೆ ಬೇಕಾದದ್ದು ಗಾಳಿಯ ಲೆಕ್ಕದ ವೇಗ. ಮುಂಗಾರಿನಲ್ಲಿ ಘಟ್ಟದ ಮೇಲೆ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದ ಗಾಳಿ ಜೋರಾಗಿರುತ್ತದೆ. ಅದು 30 ನಾಟ್, ಅಂದರೆ ಗಂಟೆಗೆ ಸುಮಾರು 55 ಕಿಲೋಮೀಟರ್ ಇದೆ ಅಂದುಕೊಳ್ಳಿ. ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ, ಅಂದರೆ ಪೂರ್ವಕ್ಕೆ, ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಒಂದು ಸೆಸ್ನಾ ಬರುತ್ತಿದೆ. ಟ್ಯಾಬ್‌ನಲ್ಲಿ 80 ನಾಟ್ ಕಾಣುತ್ತದೆ. ನಿಜದಲ್ಲಿ ರೆಕ್ಕೆಯ ಮೇಲೆ ಹರಿಯುತ್ತಿರುವ ಗಾಳಿ 50 ನಾಟ್. ಆ ವಿಮಾನ ಸ್ಟಾಲ್ ಆಗುವುದು, ಅಂದರೆ ರೆಕ್ಕೆ ಎತ್ತಿಹಿಡಿಯುವ ಶಕ್ತಿ ಕಳೆದುಕೊಳ್ಳುವುದು, ಹತ್ತಿರ ಹತ್ತಿರ ಅಷ್ಟರಲ್ಲೇ. ಪರದೆಯ ಎಡಭಾಗದಲ್ಲಿ ಜೆಟ್ ವಿಮಾನದ ಪಟ್ಟಿಯ ಹಾಗೇ ಕಾಣುವ ಆ ಅಂಕಿಯನ್ನು ನೋಡಿ ಪೈಲಟ್ ಇನ್ನೂ 30 ನಾಟ್ ಕೈಯಲ್ಲಿದೆ ಅಂದುಕೊಂಡರೆ ಮುಗಿಯಿತು. ತಪ್ಪು ಅಂಕಿಯನ್ನು ಸರಿಯಾದ ಜಾಗದಲ್ಲಿ ಕೂರಿಸಿದ್ದೇ ಅಲ್ಲಿನ ಮೋಸ. ಎಷ್ಟೋ ಆ್ಯಪ್‌ಗಳು ಪಕ್ಕದಲ್ಲಿ ಸಣ್ಣದಾಗಿ "ಜಿಪಿಎಸ್" ಅಂತ ಬರೆದಿರುತ್ತವೆ. ಕುಲುಕುವ ಕಾಕ್‌ಪಿಟ್‌ನಲ್ಲಿ ಆ ಸಣ್ಣ ಅಕ್ಷರ ಯಾರ ಕಣ್ಣಿಗೂ ಬೀಳುವುದಿಲ್ಲ.

ಎತ್ತರದ ವಿಷಯದಲ್ಲಿ ನಮ್ಮ ಸೀಮೆಗೇ ಸೇರಿದ ಒಂದು ವಿಚಿತ್ರ ಇದೆ. ಉಪಗ್ರಹಗಳು ಎತ್ತರ ಅಳೆಯುವುದು ಗಣಿತದ ಒಂದು ನುಣುಪಾದ ಭೂಮಿಯಿಂದ. ನಿಜವಾದ ಸಮುದ್ರ ಮಟ್ಟ ಅದಕ್ಕೆ ಸರಿಯಾಗಿ ಕೂರುವುದಿಲ್ಲ. ಭೂಮಿಯ ಗುರುತ್ವ ಎಲ್ಲ ಕಡೆ ಒಂದೇ ಸಮ ಇಲ್ಲದ್ದರಿಂದ ಸಮುದ್ರ ಕೆಲವು ಕಡೆ ಉಬ್ಬಿದೆ, ಕೆಲವು ಕಡೆ ತಗ್ಗಿದೆ. ಇಡೀ ಜಗತ್ತಿನಲ್ಲೇ ಆಳವಾದ ತಗ್ಗು ಇರುವುದು ಭಾರತದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ, ಸುಮಾರು 106 ಮೀಟರ್. ಅದರ ಅಂಚು ಕರ್ನಾಟಕದವರೆಗೂ ಹರಡಿದೆ. ಆದ್ದರಿಂದಲೇ ಮಲ್ಪೆಯ ಕಡಲ ದಂಡೆಯಲ್ಲಿ ನಿಂತು ಕೆಲವು ಆಂಡ್ರಾಯ್ಡ್ ಆ್ಯಪ್‌ಗಳನ್ನು ತೆರೆದರೆ ಎತ್ತರ ಮೈನಸ್ 80–90 ಮೀಟರ್ ಅಂತ ಬರುತ್ತದೆ. ಫೋನು ಕೆಟ್ಟಿಲ್ಲ. ಆ್ಯಪ್ ಬರೆದವರು ಈ ವ್ಯತ್ಯಾಸವನ್ನು ತಿದ್ದಿಲ್ಲ. ಸಮುದ್ರ ಮಟ್ಟದ ಎತ್ತರವನ್ನೇ ಬೇರೆಯಾಗಿ ಕೊಡುವ ಸೌಲಭ್ಯ ಆಂಡ್ರಾಯ್ಡ್‌ನಲ್ಲಿ ಬಂದದ್ದೇ 14ನೇ ಆವೃತ್ತಿಯಲ್ಲಿ. ಯುರೋಪಿನಲ್ಲೋ ಅಮೆರಿಕದಲ್ಲೋ ಪರೀಕ್ಷೆ ಮಾಡಿದವನಿಗೆ ಅಲ್ಲಿ 30–40 ಮೀಟರ್ ವ್ಯತ್ಯಾಸ ಕಂಡಿರಬಹುದು. ಇಲ್ಲಿ ಅದರ ಎರಡು ಪಟ್ಟಿಗೂ ಜಾಸ್ತಿ.

ತಿದ್ದಿದ ಆ್ಯಪ್ ಇದ್ದರೂ ಕಥೆ ಮುಗಿಯುವುದಿಲ್ಲ. ಆಕಾಶದಲ್ಲಿ ಎಲ್ಲರೂ ಎತ್ತರ ಹೇಳುವುದು ಗಾಳಿಯ ಒತ್ತಡದ ಲೆಕ್ಕದಲ್ಲಿ. ಎತ್ತರ ತೋರಿಸುವ ಡಯಲ್ ಆದ ಆಲ್ಟಿಮೀಟರ್‌ಗೆ ಕಂಟ್ರೋಲ್ ಟವರ್ ಕೊಡುವ ಒತ್ತಡದ ಅಂಕಿ ತುಂಬಿ ಎಲ್ಲರೂ ಒಂದೇ ಅಳತೆಗೋಲು ಹಿಡಿಯುತ್ತಾರೆ. ಗಾಳಿ ಬಿಸಿಯಿದ್ದರೆ ಆ ಲೆಕ್ಕ ನಿಜವಾದ ಎತ್ತರಕ್ಕಿಂತ ಕಡಿಮೆ ತೋರಿಸುತ್ತದೆ, ಪ್ರಮಾಣಿತ ಉಷ್ಣತೆಗಿಂತ ಪ್ರತಿ 10 ಡಿಗ್ರಿ ಹೆಚ್ಚಿಗೆ ಸುಮಾರು ಶೇಕಡ 4. ಬೇಸಿಗೆಯಲ್ಲಿ 5,000 ಅಡಿಯಲ್ಲಿ ಹಾರುವಾಗ ಸರಿಯಾದ ಜಿಪಿಎಸ್ಸೂ ಸರಿಯಾದ ಆಲ್ಟಿಮೀಟರೂ ಇನ್ನೂರು ಮುನ್ನೂರು ಅಡಿ ಬೇರೆ ಹೇಳಬಹುದು. ಗುಡ್ಡ ತಪ್ಪಿಸಲು ಜಿಪಿಎಸ್ ಎತ್ತರ ನೋಡಿದರೆ ಸರಿ. ಎದುರಿನಿಂದ ಬರುವ ವಿಮಾನವನ್ನು ತಪ್ಪಿಸಲು ಆಲ್ಟಿಮೀಟರ್ ಒಂದೇ. ಎರಡನ್ನೂ ಬೆರೆಸಿದರೆ ಎಲ್ಲರ ಅಳತೆಗೋಲಿನಿಂದ ಹೊರಗೆ ಬಿದ್ದ ಹಾಗೆ.

ಗುಡ್ಡದ ಬಣ್ಣಗಳ ಬಗ್ಗೆಯೂ ಒಂದು ಮಾತು. ಮುಂದಿರುವ ನೆಲ ಹತ್ತಿರವಾದರೆ ಆ್ಯಪ್ ಹಳದಿ, ಕೆಂಪು ತೋರಿಸುತ್ತದೆ. ಎಷ್ಟೋ ಆ್ಯಪ್‌ಗಳ ಕೆಳಗಿರುವ ಮಾಹಿತಿ 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ರಾಡಾರ್‌ನಿಂದ ಅಳೆದದ್ದು. ಅದ್ಭುತ ಕೆಲಸ ಅದು. ಆದರೆ ಪಶ್ಚಿಮ ಘಟ್ಟದ ಹಾಗೆ ಕಡಿದಾಗಿ ಬೀಳುವ ಇಳಿಜಾರಿನಲ್ಲಿ, ದಟ್ಟ ಕಾಡಿನ ಮೇಲೆ ಅದರ ತಪ್ಪು ಜಾಸ್ತಿ. 1,343 ಮೀಟರ್‌ನ ಕೊಡಚಾದ್ರಿ ಪರದೆಯಲ್ಲಿ ಖಂಡಿತ ಕಾಣುತ್ತದೆ. ಶರಾವತಿ ಕಣಿವೆಯನ್ನು ದಾಟುವ ವಿದ್ಯುತ್ ತಂತಿಗಳು, ಆಮೇಲೆ ಎದ್ದ ಮೊಬೈಲ್ ಟವರ್‌ಗಳು ಆ ರಾಡಾರ್ ಚಿತ್ರದಲ್ಲಿಲ್ಲ. ಪಟ್ಟಿಯಲ್ಲಿ ಯಾರೂ ಸೇರಿಸದ ಟವರ್ ಪರದೆಯ ಮೇಲೆ ಬರುವುದಿಲ್ಲ. ಆ ಜಾಗ ಹಸಿರಾಗಿ, ನಿಶ್ಚಿಂತೆಯಾಗಿ ಕಾಣುತ್ತದೆ.

ಬಿಸಿಲು, ಸೆಕೆ, ನೀರು ಈ ಮೂರನ್ನು ಬೇಗ ಹೇಳಿಬಿಡುತ್ತೇನೆ. ಐಪ್ಯಾಡ್ ಕೆಲಸ ಮಾಡಬೇಕಾದ ಉಷ್ಣತೆ 0ಯಿಂದ 35 ಡಿಗ್ರಿ ಎಂದು ಆಪಲ್ ತಾನೇ ಹೇಳಿದೆ. ಏಪ್ರಿಲ್‌ನಲ್ಲಿ ಶಿವಮೊಗ್ಗದ ನೆರಳಲ್ಲೇ ಅಷ್ಟಿರುತ್ತದೆ. ಗಾಜಿನ ಮೇಲ್ಭಾಗದ ಕಾಕ್‌ಪಿಟ್‌ನಲ್ಲಿ, ನೇರ ಬಿಸಿಲಲ್ಲಿ, ಚಾರ್ಜ್ ಆಗುತ್ತಿರುವ ಟ್ಯಾಬ್ ಮೊದಲು ಮಂಕಾಗುತ್ತದೆ. ಆಮೇಲೆ ಪರದೆ ಕಪ್ಪಾಗಿ, ತಣ್ಣಗಾಗುವವರೆಗೆ ಬಳಸುವಂತಿಲ್ಲ ಎಂಬ ಒಂದೇ ಸಂದೇಶ ಉಳಿಯುತ್ತದೆ. ಬಿಸಿಲು ತಡೆಯಲು ಪೋಲರೈಸ್ಡ್ ಕನ್ನಡಕ ಹಾಕಿದ್ದರೆ ಪರದೆ ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಿ ಕಾಣಬಹುದು. ಇನ್ನು ನೀರು. ಮಳೆಗಾಲದಲ್ಲಿ ಗೋಪಿ ಸರ್ಕಲ್‌ನಲ್ಲಿ ಸ್ಕೂಟರ್ ನಿಲ್ಲಿಸಿ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನಿನಲ್ಲಿ ದಾರಿ ಹುಡುಕುವವರನ್ನು ನೋಡಿ. ನಾಲ್ಕು ಹನಿ ಬಿದ್ದರೆ ಸಾಕು, ನಕ್ಷೆ ತಾನಾಗಿಯೇ ಹಿಗ್ಗುತ್ತದೆ, ಕುಗ್ಗುತ್ತದೆ, ಬೇರೆ ಊರಿಗೆ ಹೋಗುತ್ತದೆ. ಬೆರಳು ಒತ್ತಿದರೆ ಏನೂ ಆಗುವುದಿಲ್ಲ. ಈ ಪರದೆ ಬೆರಳನ್ನು ಗುರುತಿಸುವುದು ವಿದ್ಯುತ್ ಬದಲಾವಣೆಯಿಂದ. ನೀರಿಗೂ ಬೆರಳಿಗೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಬೆವರಿದ ಕೈಗೂ ಇದೇ ಗತಿ. ಹೆದರಿದ ಪೈಲಟ್‌ನ ಕೈ ಬೆವರಿರುತ್ತದೆ.

ಟಚ್‌ಸ್ಕ್ರೀನೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಏರ್‌ಬಸ್ ಎ350ರ ಕಾಕ್‌ಪಿಟ್‌ಗೆ 2019ರ ಕೊನೆಯಲ್ಲಿ ಟಚ್ ಪರದೆ ಬಂತು. ಗಾರ್ಮಿನ್ ಕಂಪನಿಯ ಜಿಟಿಎನ್ 650, 750 ಎಂಬ ಟಚ್ ಸಾಧನಗಳು 2011ರಿಂದ ಸಣ್ಣ ವಿಮಾನಗಳಲ್ಲಿವೆ. ಅವುಗಳನ್ನು ಹತ್ತಿರದಿಂದ ನೋಡಿದರೆ ಒಂದು ವಿಷಯ ಕಾಣುತ್ತದೆ. ಪರದೆಯ ಪಕ್ಕದಲ್ಲಿ ತಿರುಗಿಸುವ ಗುಂಡಿ ಉಳಿಸಿಕೊಂಡಿದ್ದಾರೆ, ಅಂಚಿನಲ್ಲಿ ಉಳಿದ ಬೆರಳು ಊರಲು ಜಾಗ ಕೊಟ್ಟಿದ್ದಾರೆ. ಕುಲುಕಾಟದಲ್ಲಿ ಕೈ ಗಾಳಿಯಲ್ಲಿ ತೇಲುತ್ತಿದ್ದರೆ ಬೇಕಾದ ಗುಂಡಿ ಒತ್ತಲು ಆಗುವುದಿಲ್ಲ, ಕೈಗೆ ಊರುಗೋಲು ಬೇಕು. ತಿರುಗಿಸುವ ಗುಂಡಿಯನ್ನು ನೋಡದೆಯೇ ಹುಡುಕಬಹುದು. ಗಾಜಿನ ಮೇಲಿನ ಚಿತ್ರವನ್ನು ನೋಡಲೇಬೇಕು, ನೋಡುವಷ್ಟು ಹೊತ್ತು ಕಣ್ಣು ಹೊರಗಿರುವುದಿಲ್ಲ. ಇದು ಬರೀ ಆಕಾಶದ ಸಮಸ್ಯೆಯೂ ಅಲ್ಲ. 2017ರಲ್ಲಿ ಅಮೆರಿಕದ ನೌಕಾಪಡೆಯ ಜಾನ್ ಎಸ್. ಮೆಕೇನ್ ಹಡಗು ಸಿಂಗಪುರದ ಬಳಿ ಡಿಕ್ಕಿ ಹೊಡೆದು 10 ನಾವಿಕರು ಸತ್ತರು. ಟಚ್‌ಸ್ಕ್ರೀನ್ ನಿಯಂತ್ರಣದ ಗೊಂದಲ ಅದರ ಕಾರಣಗಳಲ್ಲಿ ಒಂದು ಎಂದು ತನಿಖೆ ಹೇಳಿತು. 2019ರಲ್ಲಿ ನೌಕಾಪಡೆ ಆ ಬಗೆಯ ಹಡಗುಗಳಿಗೆ ವೇಗ ಹೆಚ್ಚು ಕಮ್ಮಿ ಮಾಡಲು ಕೈಯಲ್ಲಿ ಹಿಡಿಯುವ ಥ್ರಾಟಲ್ ವಾಪಸ್ ಹಾಕುವ ತೀರ್ಮಾನಕ್ಕೆ ಬಂತು.

ಈಗ ಮೊದಲು ಹೇಳಿದ "ಗೊತ್ತಿಲ್ಲ" ಎಂಬ ಮಾತಿಗೆ ಬರೋಣ. ವಿಮಾನಕ್ಕೆ ಪ್ರಮಾಣಪತ್ರ ಪಡೆದ ಡಿಸ್‌ಪ್ಲೇಯಲ್ಲಿ ದಿಗಂತದ ಮಾಹಿತಿ ಕೆಟ್ಟರೆ ಏನಾಗುತ್ತದೆ ಗೊತ್ತಾ? ನೀಲಿ ಆಕಾಶ, ಕಂದು ನೆಲ ಎರಡೂ ಮಾಯ. ಆ ಜಾಗದಲ್ಲಿ ಮೂಲೆಯಿಂದ ಮೂಲೆಗೆ ದೊಡ್ಡ ಕೆಂಪು ಕತ್ತರಿ ಗುರುತು. ವೇಗ ಬರದಿದ್ದರೆ ವೇಗದ ಪಟ್ಟಿಯ ಮೇಲೆ ಅದೇ ಗುರುತು. ಚಿತ್ರ ಇಲ್ಲದಿರುವುದು ತಪ್ಪು ಚಿತ್ರಕ್ಕಿಂತ ಎಷ್ಟೋ ವಾಸಿ ಅಂತ ಕಟ್ಟಿದವರು ಮೊದಲೇ ತೀರ್ಮಾನ ಮಾಡಿರುತ್ತಾರೆ. ಆ ಕೆಂಪು ಗುರುತು ಬರಬೇಕಾದಾಗ ಬಂದೇ ಬರುತ್ತದೆ ಎಂದು ತೋರಿಸಿಕೊಡುವುದಕ್ಕೇ ದುಡ್ಡು ಖರ್ಚಾಗುವುದು. ಸಾಫ್ಟ್‌ವೇರ್‌ನ ಸಾಲು ಸಾಲಿಗೂ ಲೆಕ್ಕ ಕೇಳುವ ಡಿಒ-178ಸಿ, ಸೆಕೆ, ಚಳಿ, ಅದುರು, ತೇವ, ಸಿಡಿಲು ಎಲ್ಲದಕ್ಕೂ ಒಡ್ಡಿ ನೋಡುವ ಡಿಒ-160, ಹೀಗೆ ಅದಕ್ಕೆಂದೇ ಮಾನದಂಡಗಳಿವೆ. ಎಲ್ಲಕ್ಕಿಂತ ಸಣ್ಣ ವರ್ಗದ ವಿಮಾನದಲ್ಲೂ, ಪ್ರಾಣಾಪಾಯ ತರುವಂಥ ವೈಫಲ್ಯ ಹತ್ತು ಲಕ್ಷ ಗಂಟೆ ಹಾರಾಟಕ್ಕೆ ಒಂದಕ್ಕಿಂತ ಹೆಚ್ಚಿರಬಾರದು ಅಂತ ಅಮೆರಿಕದ ಮಾರ್ಗಸೂಚಿ ಬಯಸುತ್ತದೆ.

ಟ್ಯಾಬ್‌ಗೆ ಇಂಥ ಹಂಗಿಲ್ಲ. ಸಂಕೇತ ನಿಂತಾಗ ಕೆಲವು ಆ್ಯಪ್‌ಗಳು ಕೊನೆಯ ಚಿತ್ರವನ್ನೇ ಸ್ವಲ್ಪ ಹೊತ್ತು ಹಿಡಿದಿಡುತ್ತವೆ. ಕೆಲವು ವಿಮಾನದ ಗುರುತನ್ನು ಅಂದಾಜಿನ ಮೇಲೆ ಮುಂದಕ್ಕೆ ಸಾಗಿಸುತ್ತವೆ. ಒಳ್ಳೆಯ ಆ್ಯಪ್‌ಗಳು ಎಚ್ಚರಿಕೆ ಕೊಡುತ್ತವೆ, ಆದರೆ ಆ್ಯಪ್ಪೇ ಹೆಪ್ಪುಗಟ್ಟಿದರೆ ಎಚ್ಚರಿಕೆ ಕೊಡುವವರು ಯಾರು? ಕೆಳಗಿರುವ ಆಪರೇಟಿಂಗ್ ಸಿಸ್ಟಂಗೆ ತಾನು ವಿಮಾನದಲ್ಲಿದ್ದೇನೆ ಅನ್ನುವುದೇ ಗೊತ್ತಿಲ್ಲ. ಬ್ಯಾಟರಿ ಉಳಿಸಲು ಅದು ಯಾವ ಕೆಲಸವನ್ನು ಬೇಕಾದರೂ ಬದಿಗಿಡಬಹುದು. ಜಿಪಿಎಸ್ಸಿಗೇ ಸುಳ್ಳು ಸಂಕೇತ ಬರುವ ಕಾಲ ಇದು. ನಮ್ಮ ಡಿಜಿಸಿಎ 2023ರ ನವೆಂಬರ್‌ನಲ್ಲೇ ಈ ಬಗ್ಗೆ ವಿಮಾನಯಾನ ಕಂಪನಿಗಳಿಗೆ ಸೂಚನೆ ಕೊಟ್ಟಿದೆ. ಒಂದೇ ಸಂಕೇತದ ಮೇಲೆ ಜಾಗ, ವೇಗ, ಎತ್ತರ ಮೂರನ್ನೂ ಕಟ್ಟಿದರೆ ಒಂದು ಕೆಟ್ಟಾಗ ಮೂರೂ ಒಟ್ಟಿಗೆ ಕೆಡುತ್ತವೆ. ಹಳೆಯ ಆರು ಡಯಲ್‌ಗಳ ದೊಡ್ಡ ಗುಣವೇ ಅದು. ಕೆಲವು ಗಾಳಿಯ ಒತ್ತಡದಿಂದ, ಕೆಲವು ಪಂಪಿನಿಂದ ತಿರುಗುವ ಜೈರೋದಿಂದ, ಒಂದು ಸಾಮಾನ್ಯವಾಗಿ ವಿದ್ಯುತ್ತಿನಿಂದ. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡುತ್ತದೆ.

ಸಡಿಲವಾಗಿ ಇಟ್ಟ ಟ್ಯಾಬ್ ಬರೀ ಒಂದು ವಸ್ತುವಾಗಿಯೂ ಅಪಾಯವೇ. 2022ರ ಜುಲೈನಲ್ಲಿ ಅಮೆರಿಕದ ಐಡಾಹೊ ರಾಜ್ಯದಲ್ಲಿ ಕಾಡ್ಗಿಚ್ಚು ಆರಿಸಲು ಸಾಲ್ಮನ್ ನದಿಯ ನೀರು ತುಂಬಿಕೊಳ್ಳುತ್ತಿದ್ದ ಚಿನೂಕ್ ಹೆಲಿಕಾಪ್ಟರ್ ಬಿದ್ದು ಇಬ್ಬರು ಪೈಲಟ್‌ಗಳು ಸತ್ತರು. ಕೆಳಗೆ ಬಿದ್ದ ಐಪ್ಯಾಡ್ ಕಾಲಿನ ಪೆಡಲ್ ಬಳಿ ಸಿಕ್ಕಿಹಾಕಿಕೊಂಡಿತ್ತು ಎಂದು ತನಿಖೆಯಲ್ಲಿ ತಿಳಿಯಿತು. ಒತ್ತಿದರೆ ಕಿಟಕಿಯ ಗಾಜಿಗೆ ಅಂಟುವ ರಬ್ಬರ್ ಹೋಲ್ಡರ್‌ಗಳು ಸೆಕೆಯಲ್ಲಿ ಬಿಟ್ಟುಕೊಳ್ಳುತ್ತವೆ. ಕವರಿನ ಅಯಸ್ಕಾಂತ ಪಕ್ಕದ ದಿಕ್ಸೂಚಿಯನ್ನು ಎಳೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ದುಡ್ಡಿನ ಪ್ರಶ್ನೆ ಹಾಗೇ ಉಳಿಯುತ್ತದೆ. ಜನ ಟ್ಯಾಬ್ ಕಡೆ ಹೋಗುವುದು ಹುಡುಗಾಟಕ್ಕಲ್ಲ. ಪ್ರಮಾಣಪತ್ರದ ಡಿಸ್‌ಪ್ಲೇ ಹಾಕಿಸುವ ಖರ್ಚು ಹಳೆಯ ಸಣ್ಣ ವಿಮಾನದ ಬೆಲೆಯ ದೊಡ್ಡ ಪಾಲನ್ನೇ ನುಂಗುತ್ತದೆ. ಸುರಕ್ಷತೆಯ ಹೆಸರಲ್ಲಿ ಬೆಲೆ ಏರಿಸುತ್ತ ಹೋದರೆ ಸುರಕ್ಷಿತ ಉಪಕರಣ ಬಡ ಫ್ಲೈಯಿಂಗ್ ಸ್ಕೂಲಿಗೆ ಸಿಗುವುದೇ ಇಲ್ಲ. ಅಮೆರಿಕದಲ್ಲಿ ಇದನ್ನು ತಡವಾಗಿಯಾದರೂ ಅರ್ಥಮಾಡಿಕೊಂಡರು. 2016ರಲ್ಲಿ ಡೈನಾನ್ ಡಿ10ಎ, ಗಾರ್ಮಿನ್ ಜಿ5 ಎಂಬ ಪುಟ್ಟ ಎಲೆಕ್ಟ್ರಾನಿಕ್ ದಿಗಂತಗಳನ್ನು ಹಳೆಯ ವಿಮಾನಗಳಿಗೆ ಹಾಕಲು ಸುಲಭದ ದಾರಿ ತೆರೆದರು. ಎರಡೂ ಸ್ವಂತ ಕೈಯಾರೆ ಕಟ್ಟುವ ವಿಮಾನಗಳಿಗೆಂದು ಬಂದವು. ಜಿ5ರ ಬೆಲೆ ಆಗ 2,000 ಡಾಲರ್ ಆಸುಪಾಸು. ಪ್ಯಾನೆಲ್‌ಗೆ ಬಿಗಿಯುತ್ತದೆ, ಪಿಟೋ ಕೊಳವೆಗೆ ಸೇರುತ್ತದೆ, ತನ್ನದೇ ಬ್ಯಾಟರಿ ಇರಿಸಿಕೊಳ್ಳುತ್ತದೆ, ಗೊತ್ತಿಲ್ಲದಾಗ ಕೆಂಪು ಗುರುತು ಹಾಕುತ್ತದೆ. ನನಗೆ ಸರಿ ಅನ್ನಿಸುವ ದಾರಿ ಇದೇ: ಟ್ಯಾಬನ್ನು ಉಪಕರಣದ ಜಾಗಕ್ಕೆ ಏರಿಸುವ ಬದಲು, ನಿಜವಾದ ಉಪಕರಣವನ್ನು ಟ್ಯಾಬ್‌ನ ಬೆಲೆಯ ಹತ್ತಿರಕ್ಕೆ ಇಳಿಸುವುದು.

ಇದನ್ನು ನಮ್ಮ ರಾಜ್ಯದಲ್ಲೇ ಮಾಡಲು ಆಗದೆ ಏನಿಲ್ಲ. ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1993ರಲ್ಲೇ ಹಂಸ ಎಂಬ ಎರಡು ಸೀಟಿನ ವಿಮಾನ ಹಾರಿಸಿತು. ಹೊಸ ರೂಪವಾದ ಹಂಸ-ಎನ್‌ಜಿ 2021ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಹಾರಿತು, ಡಯಲ್‌ಗಳ ಬದಲು ಡಿಜಿಟಲ್ ಕಾಕ್‌ಪಿಟ್ ಜೊತೆಗೆ. ಚಿಪ್, ಪರದೆ ಜೋಡಿಸುವ ಕೈಗಳು ಶಿವಮೊಗ್ಗದ ಕಾಲೇಜುಗಳಲ್ಲೂ ಇವೆ. ಟ್ಯಾಬ್‌ನಲ್ಲಿ ದಿಗಂತ ಬರಿಸುವ ಪ್ರಾಜೆಕ್ಟ್ ಮಾಡುವವರಿಗೆ ನನ್ನದೊಂದು ಸಲಹೆ ಇದೆ. ದಿಗಂತ ಎಷ್ಟು ಚೆನ್ನಾಗಿ ಮೂಡುತ್ತದೆ ಅನ್ನುವುದಕ್ಕಿಂತ ಅದನ್ನು ಯಾವಾಗ ಅಳಿಸಬೇಕು ಅನ್ನುವುದರ ಮೇಲೆ ಹೆಚ್ಚು ಸಮಯ ಕಳೆಯಿರಿ. ತಂತಿ ಎಳೆದು ನೋಡಿ, ಜಿಪಿಎಸ್ ಮುಚ್ಚಿ ನೋಡಿ, ಬಿಸಿ ಮಾಡಿ ನೋಡಿ. ಎಷ್ಟು ಸೆಕೆಂಡಿನಲ್ಲಿ ನಿಮ್ಮ ಪರದೆ ತನ್ನ ತಪ್ಪು ಒಪ್ಪಿಕೊಳ್ಳುತ್ತದೆ ಎಂದು ಬರೆದಿಡಿ. ಪರೀಕ್ಷಕರು ಕೇಳದಿದ್ದರೂ ಬರೆದಿಡಿ.

ಮಲೆನಾಡಿಗೆ ಈ ಮಾತು ಯಾಕೆ ಜಾಸ್ತಿ ಅನ್ವಯ ಅಂದರೆ, ಇಲ್ಲಿ ಮೋಡ ಹೇಳಿ ಬರುವುದಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಅಂಚಿನಲ್ಲಿ ಕರಾವಳಿಯಿಂದ ಏರಿದ ಗಾಳಿ ನೋಡನೋಡುತ್ತಲೇ ಮಂಜಾಗುತ್ತದೆ. ಸೋಗಾನೆಗೆ ಬಂದ ದೊಡ್ಡ ವಿಮಾನಗಳೇ ರನ್‌ವೇ ಸರಿಯಾಗಿ ಕಾಣದೆ ವಾಪಸ್ ಹೋದದ್ದುಂಟು. ಆಗ ಊರಿನವರು ಬೇಸರ ಮಾಡಿಕೊಂಡರು, ಅದು ಸಹಜ. ಆದರೆ ಆ ಪೈಲಟ್‌ಗಳು ಮಾಡಿದ್ದು ಸರಿಯಾದ ಕೆಲಸ. ಸಣ್ಣ ವಿಮಾನದವನಿಗೂ ಅದೇ ದಾರಿ. ಮುಂದೆ ಬಿಳಿಯಾಯಿತು ಅಂದರೆ ವಾಪಸ್ ತಿರುಗುವುದು. ತಿರುಗಿದ ಮೇಲೆ ಯಾವ ಕಡೆ ಹೋಗಬೇಕು ಅಂತ ತೋರಿಸಲು ಟ್ಯಾಬ್ ಇರಲಿ, ಅದರ ಬೆಲೆ ಅಲ್ಲಿ ಗೊತ್ತಾಗುತ್ತದೆ. ಮೊಣಕಾಲ ಮೇಲೆ ಚೆಂದದ ದಿಗಂತ ಮೂಡುತ್ತಿದೆ ಅನ್ನುವ ಧೈರ್ಯಕ್ಕೆ ಮೋಡದೊಳಗೆ ನುಗ್ಗುವಂತಿಲ್ಲ.

ಫ್ಲೈಯಿಂಗ್ ಕಲಿಯಲು ಹೊರಟವರು ಟ್ಯಾಬ್ ಕೊಳ್ಳುವಾಗ ಸಿಮ್ ಹಾಕುವ ಮಾದರಿಯನ್ನೇ ಕೊಳ್ಳಿ. ಬರೀ ವೈಫೈ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಇರುವುದೇ ಇಲ್ಲ. ಇದು ಎಷ್ಟೋ ಜನರಿಗೆ ಕೊಂಡ ಮೇಲೆ ತಿಳಿಯುತ್ತದೆ. ನಕ್ಷೆಗಳನ್ನು ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿ, ವಿಮಾನ ಮೋಡ್ ಹಾಕಿ ತೆರೆದು ನೋಡಿ. ಘಟ್ಟದ ಮೇಲೆ ನೆಟ್‌ವರ್ಕ್ ಹುಡುಕುತ್ತ ಕೂರಲು ಆಗುವುದಿಲ್ಲ. ಹಾರಾಟದ ಹಿಂದಿನ ದಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಬೇಡಿ. ಇನ್ನೊಂದು ಸಾಧನದಲ್ಲಿ, ಅದು ಫೋನೇ ಆದರೂ ಸರಿ, ಅದೇ ನಕ್ಷೆ ಇರಲಿ. ಜೊತೆಗೆ ಹೊರಡುವ ದಾರಿ, ದಿಕ್ಕು, ರೇಡಿಯೋ ಫ್ರೀಕ್ವೆನ್ಸಿಗಳನ್ನು ಬರೆದ ಒಂದು ಹಾಳೆ ಜೇಬಿನಲ್ಲಿರಲಿ.